ಗುಟ್ಟು ಕಾಯುವವರು ಬಾಯಿ ಕಟ್ಟಿಕೊಳ್ಳಬೇಕಿಲ್ಲ

ಮಾನ್ಯ ಸಂಪಾದಕರೆ,

ಸಿಇಟಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ‘ಮೇಡಂ, ನೀವು ಕೌನ್ಸೆಲಿಂಗ್ ಮಾಡ್ತೀರಂತಲ್ರಿ, ನಮ್ಮ ಹುಡುಗಿದು ರ‍್ಯಾಂಕ್ ಇಷ್ಟು ಬಂದೈತಿ, ಯಾವ ಕಾಲೇಜು ಹಾಕೂಣು?’ ಎಂದು ದೂರದ ಬೀಗರೆಲ್ಲ ಕೇಳುತ್ತಾರೆ. ಸಾಲಿ ಮಾಸ್ತರರು ಎದುರಾದರೆ, ವರ್ಗಾವಣೆ ಕೌನ್ಸೆಲಿಂಗ್ ಯಾವಾಗ ಎಂದು ವಿಚಾರಿಸುವುದುಂಟು. ನಮ್ಮ ರಾಜ್ಯದಲ್ಲಿ ಕೌನ್ಸೆಲಿಂಗ್ ಅಂದರೆ ಸೀಟು ಹಂಚುವುದು, ಇಲ್ಲವೇ ಜಾಗ ಹಂಚುವುದು. ಹಂಚಲು ನನ್ನ ಹತ್ತಿರ ಎರಡೂ ಇಲ್ಲ. ಇರುವುದು ಒಂದು ಮೇಜು, ಎರಡು ಕುರ್ಚಿ, ಒಂದು ತಂಬಿಗೆ ನೀರು.

ನಾನು ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ರಕ್ತ ಕೊಡುವ ಮೊದಲು ಒಮ್ಮೆ, ರಿಪೋರ್ಟ್ ಬಂದ ಮೇಲೆ ಒಮ್ಮೆ ಜನರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಕೃಷ್ಣಾ ದಂಡೆಯ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ 2008ರಿಂದ ಇದನ್ನೇ ಮಾಡುತ್ತಿದ್ದೇನೆ. ಧಾರವಾಡದಲ್ಲಿ ಎಂಎಸ್‌ಡಬ್ಲ್ಯು ಓದಿದೆ. ನೌಕರಿ ಗುತ್ತಿಗೆಯದು. ಪ್ರತಿ ಮಾರ್ಚ್‌ಗೆ ಒಪ್ಪಂದ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಮತ್ತೆ ಸಹಿ.

ಈ ಪತ್ರ ಬರೆಯಲು ಕಾರಣ ನಿಮ್ಮ ಓದುಗರ ಅಂಕಣದಲ್ಲಿ ಬಂದ ಒಂದು ಪುಟ್ಟ ಪತ್ರ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹೇಳಿತಲ್ಲ, ಅದರ ಬಗ್ಗೆ ಆ ಓದುಗರು ಬರೆದಿದ್ದರು. ‘ನಾಲ್ಕು ಒಳ್ಳೆಯ ಮಾತು ಹೇಳಲು ಹೊಸಬರು ಯಾಕೆ? ಹಿರಿಯ ಶಿಕ್ಷಕರಿಗೆ ಎರಡು ದಿನ ತರಬೇತಿ ಕೊಟ್ಟರೆ ಸಾಕು’ ಎಂಬುದು ಅವರ ಸಲಹೆ. ಓದಿದಾಗ ಸಿಟ್ಟು ಬಂತು. ಚಹಾ ಕುಡಿಯುವಷ್ಟರಲ್ಲಿ ಸಿಟ್ಟು ಇಳಿಯಿತು. ನಮ್ಮ ಕೆಲಸ ಏನು ಎಂದು ಅವರಿಗೆ ಗೊತ್ತಿಲ್ಲದಿದ್ದರೆ ತಪ್ಪು ಅವರದಲ್ಲ. ನಾವು ಯಾವತ್ತು ಹೇಳಿದ್ದೇವೆ?

ಹೇಳಬಾರದು ಎಂದೇ ನಮಗೆ ಕಲಿಸಿದ್ದರು. ಕೆಲಸಕ್ಕೆ ಸೇರಿದಾಗ ಹನ್ನೆರಡು ದಿನದ ತರಬೇತಿ ಇತ್ತು. ನನ್ನ ನೋಟ್‌ಬುಕ್ ಇನ್ನೂ ಇದೆ. ಮೊದಲ ಪುಟದಲ್ಲಿ ಮೂರು ‘ಬಾರದು’ ಬರೆದುಕೊಂಡಿದ್ದೇನೆ. ಬುದ್ಧಿ ಹೇಳಬಾರದು. ತೀರ್ಪು ಕೊಡಬಾರದು. ಹೊರಗೆ ಬಾಯಿ ಬಿಡಬಾರದು. ಮೂರೂ ಸರಿಯೇ. ಈ ಮೂರನ್ನು ಕೈಬಿಟ್ಟರೆ ನಮ್ಮ ಕೆಲಸವೇ ಉಳಿಯುವುದಿಲ್ಲ. ಆದರೆ ಒಂದೂ ‘ಬೇಕು’ ಇರಲಿಲ್ಲ. ಎದುರು ಕೂತವರ ಪರವಾಗಿ ಯಾವಾಗ ಎದ್ದು ನಿಲ್ಲಬೇಕು, ಯಾರ ಬಾಗಿಲು ತಟ್ಟಬೇಕು, ಏನು ಮಾತಾಡಬೇಕು ಎನ್ನುವುದನ್ನು ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ಮೂರನೆಯ ‘ಬಾರದು’ ಹಬ್ಬುತ್ತಾ ಹೋಯಿತು. ಜನರ ಗುಟ್ಟು ಹೊರಗೆ ಹೇಳಬಾರದು ಎಂಬುದು, ಯಾವುದನ್ನೂ ಯಾರಿಗೂ ಹೇಳಬಾರದು ಎಂದಾಯಿತು.

ಅದರ ಬೆಲೆ ನನಗೆ ಗೊತ್ತಾದದ್ದು ಸೇರಿದ ಎರಡನೇ ವರ್ಷ. (ಇಲ್ಲಿ ಬರುವ ಜನರ ಕಸುಬು, ವರ್ಷ, ಊರಿನ ದೂರ ಇವನ್ನೆಲ್ಲ ಅಷ್ಟಷ್ಟು ಬದಲಿಸಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ.) ಒಬ್ಬ ದರ್ಜಿ. ಮೂವತ್ತರ ಒಳಗಿನ ವಯಸ್ಸು. ರಿಪೋರ್ಟ್ ಪಾಸಿಟಿವ್. ಒಂದೂವರೆ ತಾಸು ಕೂತಿದ್ದ. ಹೆಂಡತಿಗೆ ಹೇಗೆ ಹೇಳುವುದು ಎಂದು ಕೇಳಿದ. ಇಬ್ಬರೂ ಸೇರಿ ಆ ಮಾತನ್ನು ನಾಲ್ಕು ಸಲ ಆಡಿ ನೋಡಿದೆವು. ‘ಗುರುವಾರ ಆಕೀನ್ನೂ ಕರಕೊಂಡ ಬರ್ತೀನ್ರಿ ಅಕ್ಕಾರ’ ಎಂದು ಎದ್ದ. ಗುರುವಾರ ಬಂದೂ ಬಂದ. ಹೆಂಡತಿ ಹೊರಗೆ ಬೆಂಚಿನ ಮೇಲಿದ್ದಳು. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ಕಾರಿಡಾರಿನ ಆ ತುದಿಯಿಂದ ಕೂಗಿದರು: ‘ಆ ಪಾಸಿಟಿವ್ ಕೇಸ್ ಎಲ್ಲಿ ಹೋತು? ರಜಿಸ್ಟರ್‌ದಾಗ ಸಹಿ ಬೇಕು.’ ಔಷಧಿ ಕಿಟಕಿಯ ಮುಂದಿನ ಸಾಲು ಪೂರ್ತಿ ಇತ್ತ ತಿರುಗಿತು. ಆತ ಹೆಂಡತಿಯ ಕೈ ಹಿಡಿದು ಹಾಗೇ ಹೊರಟ. ಅವಸರವಿರಲಿಲ್ಲ, ಸುಮ್ಮನೆ ನಡೆದ. ಅದೇ ಇವತ್ತಿಗೂ ಕಣ್ಣ ಮುಂದೆ ಬರುವುದು.

ಕೂಗಿದವರಿಗೆ ನಾನು ಏನೂ ಹೇಳಲಿಲ್ಲ. ಅವರು ಕಾಯಂ, ನಾನು ಗುತ್ತಿಗೆ. ಮೇಲಿನವರಿಗೂ ಬರೆಯಲಿಲ್ಲ. ‘ವಿಷಯ ಇನ್ನೂ ದೊಡ್ಡದಾಗುತ್ತೆ, ಗುಟ್ಟು ಇನ್ನಷ್ಟು ಹೊರಗೆ ಹೋಗುತ್ತೆ’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುಟ್ಟು ಆಗಲೇ ಸಾಲಿನಲ್ಲಿ ನಿಂತವರ ಬಾಯಲ್ಲಿತ್ತು! ಆತ ಗೋವಾಕ್ಕೆ ದುಡಿಯಲು ಹೋದ ಎಂದು ಆರು ತಿಂಗಳ ಮೇಲೆ ತಿಳಿಯಿತು. ನಮ್ಮ ಲೆಕ್ಕದಲ್ಲಿ ಇಂಥವರನ್ನು ‘ಎಲ್‌ಎಫ್‌ಯು’ ಪಟ್ಟಿಗೆ ಹಾಕುತ್ತೇವೆ. ಸಂಪರ್ಕ ತಪ್ಪಿದವರು ಎಂದರ್ಥ. ತಪ್ಪಿದ್ದು ಅವರೋ ನಾವೋ ಎಂದು ಬರೆಯಲು ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಆಮೇಲೆ ನಾನು ಬದಲಾದೆ ಎಂದರೆ ಸಿನಿಮಾ ಕಥೆಯಾಗುತ್ತದೆ. ಒಂದೇ ಸಲ ಬದಲಾಗಲಿಲ್ಲ. ಮೊದಲು ಮಾಡಿದ್ದು ಬೋರ್ಡಿನ ಕೆಲಸ. ನಮ್ಮ ಕೋಣೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಎಚ್‌ಐವಿ/ಏಡ್ಸ್’ ಎಂದು ಅಂಗೈ ಅಗಲ ಬರೆದಿತ್ತು. ಎದುರಿಗೇ ಎಕ್ಸ್-ರೇ ಸಾಲು. ಆ ಬೋರ್ಡಿನ ಕೆಳಗೆ ಹಾಯ್ದು ಒಳಗೆ ಬರಬೇಕೆಂದರೆ ಎಂಥ ಎದೆ ಬೇಕು? ಬಸುರಿ ಹೆಣ್ಣುಮಕ್ಕಳು ತಾಯಿ ಕಾರ್ಡು ಹಿಡಿದು ಬಾಗಿಲವರೆಗೆ ಬಂದು, ಬೋರ್ಡು ಓದಿ, ‘ಇದು ನಮಗಲ್ಲ’ ಎಂದು ವಾಪಸ್ ಹೋಗುತ್ತಿದ್ದರು. ‘ಕೊಠಡಿ ಸಂಖ್ಯೆ 7’ ಎಂದಷ್ಟೇ ಬರೆಸಿ ಎಂದು ಅರ್ಜಿ ಕೊಟ್ಟೆ. ಎಂಟು ತಿಂಗಳು ಹಿಡಿಯಿತು. ಒಮ್ಮೆ ಬಣ್ಣ ಇರಲಿಲ್ಲ, ಒಮ್ಮೆ ಪೇಂಟರ್ ಇರಲಿಲ್ಲ, ಒಮ್ಮೆ ‘ಬೋರ್ಡು ಕಾಣಬೇಕಂತ ಮ್ಯಾಲಿಂದ ಆರ್ಡರ್ ಐತಿ’ ಎಂದರು. ಕೊನೆಗೆ ನನ್ನ ದುಡ್ಡಿನಲ್ಲೇ ಬರೆಸಿದೆ, ಇನ್ನೂರು ಚಿಲ್ಲರೆ. ಇವತ್ತು ಜನ ‘ಏಳನೇ ಕೋಣೆ ಎಲ್ಲೈತ್ರಿ?’ ಎಂದು ಕೇಳಿಕೊಂಡು ಬರುತ್ತಾರೆ.

ಇದು ಆಪ್ತಸಮಾಲೋಚನೆಯೋ ಅಲ್ಲವೋ? ಪುಸ್ತಕದ ಪ್ರಕಾರ ನನ್ನ ಕೆಲಸ ಕೋಣೆಯ ಒಳಗೆ. ಬೋರ್ಡು ಕೋಣೆಯ ಹೊರಗೆ. ಆದರೆ ಒಳಗೆ ಬರುವುದಕ್ಕೇ ಬಿಡದ ಬೋರ್ಡನ್ನು ಹಾಗೇ ಬಿಟ್ಟು ಒಳಗೆ ಎಷ್ಟು ಮೆತ್ತಗೆ ಮಾತಾಡಿದರೇನು?

ಇನ್ನೊಂದು 2019ರದ್ದು. ಒಂಬತ್ತು ತಿಂಗಳು ತುಂಬಿದ ಹೆಣ್ಣುಮಗಳು. ಎಚ್‌ಐವಿ ಇದೆ ಎಂದು ಮೂರನೇ ತಿಂಗಳಲ್ಲೇ ಗೊತ್ತಾಗಿತ್ತು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಹೊಲದಿಂದ ಬಂದು, ಟಿವಿಯಲ್ಲಿ ಒಂಬತ್ತರ ಧಾರಾವಾಹಿ ಶುರುವಾದ ಕೂಡಲೇ ಮಾತ್ರೆ, ಅದು ಆಕೆಯ ಅಲಾರಂ. ಬ್ಯಾನಿ ಶುರುವಾಗಿ ನಮ್ಮಲ್ಲಿಗೇ ಬಂದಳು. ಹೆರಿಗೆ ಕೋಣೆಯಲ್ಲಿ ಚೀಟಿ ತಯಾರಾಗಿತ್ತು: ಜಿಲ್ಲಾ ಆಸ್ಪತ್ರೆಗೆ ರೆಫರ್. ಐವತ್ತು ಕಿಲೋಮೀಟರ್ ಮೇಲೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಕಾಲ, ರಸ್ತೆ ಅಂಥದ್ದು. ಕಾರಣ ಕೇಳಿದರೆ ‘ಕಿಟ್ ಇಲ್ಲ’ ಎಂದರು, ಅಂದರೆ ಹೆರಿಗೆ ಮಾಡಿಸುವವರು ಸೋಂಕು ತಾಗದಂತೆ ಹಾಕಿಕೊಳ್ಳುವ ಸಾಮಗ್ರಿ. ಕಿಟ್ ನನ್ನ ಬೀರುವಿನಲ್ಲಿತ್ತು. ತಂದುಕೊಟ್ಟೆ. ಆಗ ‘ನಮಗೂ ಮಕ್ಕಳುಮರಿ ಅದಾವ್ರಿ’ ಎಂದರು. ಅಸಲು ಮಾತು ಅದು.

2009ರ ನಾನಾಗಿದ್ದರೆ ಆಂಬುಲೆನ್ಸ್‌ನಲ್ಲಿ ಅವಳ ಜೊತೆ ಕೂತು ಜಿಲ್ಲಾ ಆಸ್ಪತ್ರೆಯವರೆಗೆ ಕೈ ಹಿಡಿದುಕೊಳ್ಳುತ್ತಿದ್ದೆ. ಅದನ್ನೇ ದೊಡ್ಡ ಸೇವೆ ಎಂದುಕೊಳ್ಳುತ್ತಿದ್ದೆ. ಆದರೆ ಅಷ್ಟೊತ್ತಿಗೆ ಕಾನೂನು ಬಂದಿತ್ತು. 2017ರ ಎಚ್‌ಐವಿ ಕಾಯ್ದೆ, ಜಾರಿಯಾದದ್ದು 2018ರ ಸೆಪ್ಟೆಂಬರ್ 10ಕ್ಕೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ನೌಕರಿಯಿಂದ ತೆಗೆಯುವಂತಿಲ್ಲ, ಶಾಲೆಯಿಂದ ದೂರ ಇಡುವಂತಿಲ್ಲ ಎಂದು ಅದರಲ್ಲಿ ಬರೆದಿದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕು ಎಂದೂ ಇದೆ. ನಾನು ಅದರ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ನಾಲ್ಕು ಹಾಳೆ ಟೈಪ್ ಮಾಡಿಸಿ ಪರ್ಸ್‌ನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ‘ಸರ್, ರೆಫರ್ ಬರೀರಿ, ಆದ್ರ ಕಾರಣದ ಜಾಗಾದಾಗ ಖರೇ ಕಾರಣಾನೇ ಬರೀರಿ’ ಎಂದೆ. ನನ್ನ ದನಿ ನಡುಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಡಾಕ್ಟರು ಕೆಟ್ಟವರಲ್ಲ, ಹೊಸಬರು, ಹೆದರಿದ್ದರು. ಅಷ್ಟರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಕೈಗವಸು ಹಾಕಿಕೊಳ್ಳುತ್ತಲೇ, ‘ಬಿಡ್ರಿ ಸರ್, ನಾ ಮಾಡಿಸ್ತೀನಿ’ ಎಂದು ಒಳಗೆ ನಡೆದರು. ಒಂದೂವರೆ ತಾಸಿನಲ್ಲಿ ಹೆಣ್ಣು ಕೂಸು.

ಆ ಕೂಸಿಗೆ ಎಚ್‌ಐವಿ ತಗಲದಂತೆ ಆರು ವಾರ ಸಿರಪ್ ಹಾಕಿದೆವು. ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ಕಾಗದದ ಮೇಲೆ ಒಣಗಿಸಿ ಕಳಿಸಿದೆವು. ಹದಿನೆಂಟನೇ ತಿಂಗಳ ಕೊನೆಯ ಪರೀಕ್ಷೆಯಲ್ಲೂ ನೆಗೆಟಿವ್. ಈಗ ಶಾಲೆಗೆ ಹೋಗುತ್ತಾಳೆ. ಆ ಡಾಕ್ಟರು ಆಮೇಲೆ ಇಂಥ ಹೆರಿಗೆಯನ್ನು ಒಂದೂ ರೆಫರ್ ಮಾಡಲಿಲ್ಲ, ಇದನ್ನೂ ಹೇಳಬೇಕು.

ನನಗೆ ಮಾತ್ರ ಒಂದು ನೋಟಿಸ್ ಬಂತು. ‘ಕರ್ತವ್ಯದ ವ್ಯಾಪ್ತಿ ಮೀರಿ ವೈದ್ಯಾಧಿಕಾರಿಗಳೊಂದಿಗೆ ವಾದ ಮಾಡಿದ್ದೀರಿ.’ ಮೂರು ದಿನದೊಳಗೆ ಉತ್ತರ ಕೊಡಬೇಕಿತ್ತು. ಆ ಮೂರು ದಿನ ನಿದ್ದೆ ಬರಲಿಲ್ಲ. ಯಾರನ್ನು ಕೇಳುವುದು? ನರ್ಸ್‌ಗಳಿಗೆ ಸಂಘ ಇದೆ. ಲ್ಯಾಬ್ ಟೆಕ್ನಿಶಿಯನ್ನರಿಗೆ ಇದೆ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ-ಹಗಲು ಕೂತು ಸರ್ಕಾರವನ್ನು ಮಾತಿಗೆ ಕರೆದರು. ನಮ್ಮವರು? ‘ನಿಮ್ಮ ಕರ್ತವ್ಯದ ವ್ಯಾಪ್ತಿ ಇಷ್ಟು’ ಎಂದು ನನಗೆ ಹೇಳಿದವರು ಆಪ್ತಸಮಾಲೋಚಕರಲ್ಲ. ನಮ್ಮ ಕೆಲಸದ ಗೆರೆಯನ್ನು ಬೇರೆಯವರು ಎಳೆಯುತ್ತಿದ್ದಾರೆ. ಯಾಕೆಂದರೆ ನಾವು ಎಳೆದಿಲ್ಲ.

ನೋಟಿಸ್‌ಗೆ ಉತ್ತರ ಬರೆಯಲು ಕಾಯ್ದೆಯನ್ನು ಪೂರ್ತಿ ಓದಿದೆ. ಒಂಬತ್ತನೇ ಕಲಮು ನೋಡಿ ಕಣ್ಣು ಅರಳಿತು. ಎಚ್‌ಐವಿ ಇರುವವರು ತಮ್ಮ ಸಂಗಾತಿಗೆ ಎಷ್ಟು ಹೇಳಿದರೂ ತಿಳಿಸದಿದ್ದರೆ, ಸಂಗಾತಿಗೆ ನಿಜವಾದ ಅಪಾಯ ಇದ್ದರೆ, ಆ ವಿಷಯ ತಿಳಿಸಲು ಅಧಿಕಾರ ಇರುವುದು ಇಬ್ಬರಿಗೇ. ಒಬ್ಬರು ವೈದ್ಯರು, ಇನ್ನೊಬ್ಬರು ಆಪ್ತಸಮಾಲೋಚಕರು. ಅದೂ ಹೆಂಗಸಿನ ಮೇಲೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಎನ್ನುವ ಭಯವಿದ್ದರೆ ತಿಳಿಸಬಾರದು ಎನ್ನುವ ಎಚ್ಚರಿಕೆಯೊಂದಿಗೆ. ಅಂದರೆ ಒಂದು ಸಂಸಾರ ಉಳಿಯುವ-ಒಡೆಯುವ ತೀರ್ಮಾನದಲ್ಲಿ ಸಂಸತ್ತು ನಮ್ಮನ್ನು ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಆಸ್ಪತ್ರೆಯ ಸಭೆಯಲ್ಲಿ ಮಾತ್ರ ನಮಗೆ ಕುರ್ಚಿ ಕೊನೆಯ ಸಾಲಿನಲ್ಲಿ, ಅದೂ ಉಳಿದರೆ. ಇದನ್ನೇ ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಉತ್ತರವಾಗಿ ಬರೆದೆ. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ.

ತಿಂಗಳ ಪರಿಶೀಲನಾ ಸಭೆಯ ಬಗ್ಗೆಯೂ ಹೇಳಬೇಕು. ಟಾರ್ಗೆಟ್ ಎಷ್ಟು, ಟೆಸ್ಟ್ ಎಷ್ಟು, ಪಾಸಿಟಿವ್ ಎಷ್ಟು, ಎಆರ್‌ಟಿಗೆ ಸೇರಿಸಿದ್ದು ಎಷ್ಟು. ಈ ಲೆಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ಇಷ್ಟು ವರ್ಷದಲ್ಲಿ ‘ನೀವು ಮಾತಾಡುವ ಜಾಗಕ್ಕೆ ಬಾಗಿಲು ಇದೆಯೇನ್ರಿ?’ ಎಂದು ಒಬ್ಬರೂ ಕೇಳಲಿಲ್ಲ. ಇರಲಿಲ್ಲ. ಹಸಿರು ಪರದೆ ಇತ್ತು. ಪರದೆಯ ಆಚೆ ಔಷಧಿಯ ಸಾಲು. ಒಳಗೆ ನಾನು ‘ಇಲ್ಲಿ ಆಡಿದ ಮಾತು ಇಲ್ಲೇ ಇರ್ತದ’ ಎಂದು ಭರವಸೆ ಕೊಡುವುದು, ಹೊರಗೆ ಯಾರೋ ಕೆಮ್ಮುವುದು ಒಳಗಿನವರಿಗೆ ಕೇಳುವುದು. ನಗು ಬರುತ್ತದೆ, ಆದರೆ ಹದಿಮೂರು ವರ್ಷ ಹೀಗೇ ನಡೆಸಿದೆ.

ಬಾಗಿಲು ಬಂದದ್ದು ನಾನೊಬ್ಬಳೇ ಕೇಳಿದ್ದರಿಂದ ಅಲ್ಲ. ಅದರ ಹಿಂದೆ ಒಂದು ಕಥೆ ಇದೆ. ಒಮ್ಮೆ ಒಬ್ಬ ಹೆಂಗಸು ನನ್ನ ಹತ್ತಿರ ಅರ್ಧ ಮಾತಾಡಿ ನಿಲ್ಲಿಸಿದಳು. ‘ಸಾಕಾಗೇತ್ರಿ ಅಕ್ಕಾರ, ಇದನ್ನ ಹೇಳೂದು ಇದು ನಾಲ್ಕನೇ ಸಲ’ ಎಂದಳು. ಗಂಡ ಹೊಡೆದಾಗ ಸಾಂತ್ವನ ಕೇಂದ್ರದಲ್ಲಿ ಹೇಳಿದ್ದಳು. ನಿದ್ದೆ ಬಾರದೆ ಹೋದಾಗ, ಮಾನಸಿಕ ಆರೋಗ್ಯ ತಂಡ ಊರಿಗೆ ಬಂದ ದಿನ ಅವರಿಗೆ ಹೇಳಿದ್ದಳು. ಮಗಳ ಸಲುವಾಗಿ ಹದಿಹರೆಯದವರ ಕ್ಲಿನಿಕ್‌ನಲ್ಲಿ ಹೇಳಿದ್ದಳು. ಈಗ ನಾನು. ನಾಲ್ಕೂ ಕಡೆ ಆಪ್ತಸಮಾಲೋಚಕರೇ. ಇಬ್ಬರು ನನ್ನದೇ ಆಸ್ಪತ್ರೆಯ ಆವರಣದಲ್ಲಿ ಕೂರುವವರು. ನಮ್ಮ ಇಲಾಖೆ ಬೇರೆ, ಯೋಜನೆ ಬೇರೆ, ಸಂಬಳದ ಖಾತೆ ಬೇರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮುಂದಿನ ಎರಡನೇ ಶನಿವಾರ ಅವರನ್ನೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಊಟಕ್ಕೆ ಕರೆದೆ. ರೊಟ್ಟಿ, ಎಣ್ಣೆಗಾಯಿ, ಮೊಸರು. ಐದು ಜನ ಬಂದರು. ಮೊದಲ ಸಲ ಸಂಬಳ ಲೇಟಾಗುವ ವಿಷಯ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ಎರಡನೇ ಸಲ ಏಳು ಜನ. ಮೂರನೇ ಸಲಕ್ಕೆ ಒಂದು ಚೀಟಿಯ ನಮೂನೆ ಮಾಡಿದೆವು. ಬಂದವರು ಒಪ್ಪಿ ಸಹಿ ಹಾಕಿದರೆ, ಎಷ್ಟು ಹೇಳಬಹುದು ಎಂದು ಅವರು ಹೇಳುತ್ತಾರೋ ಅಷ್ಟನ್ನೇ ಬರೆದು ಮುಂದಿನ ಕೋಣೆಗೆ ಕಳಿಸುವುದು, ಅವರು ಮತ್ತೆ ಮೊದಲಿಂದ ಅಳಬೇಕಾಗಬಾರದು. ಬಾಗಿಲಿನ ಅರ್ಜಿಗೂ ಏಳು ಜನ ಸಹಿ ಹಾಕಿದೆವು. ಒಬ್ಬಳ ಅರ್ಜಿ ಫೈಲಿನಲ್ಲಿ ಮಲಗುತ್ತದೆ, ಏಳು ಸಹಿ ಇದ್ದರೆ ಸ್ವಲ್ಪ ಹೊರಳಾಡುತ್ತದೆ ಎಂದು ಗೊತ್ತಾಯಿತು. 2022ರ ದೀಪಾವಳಿಯ ಹೊತ್ತಿಗೆ ಪ್ಲೈವುಡ್ ಬಾಗಿಲು ಬಂತು. ಮಳೆಗಾಲದಲ್ಲಿ ಉಬ್ಬಿ ಕಿರ್ರೆನ್ನುತ್ತದೆ. ಆದರೂ ಬಾಗಿಲು ಬಾಗಿಲೇ.

ಇದನ್ನೆಲ್ಲ ಹೇಳಲು ಕಾರಣವಿದೆ. ಮುಂದಾಳತನ ಎಂದರೆ ಬೆಂಗಳೂರಿನಲ್ಲಿ ಮೈಕು ಹಿಡಿಯುವುದು ಎಂದೇ ನಾನೂ ತಿಳಿದಿದ್ದೆ. ನಮ್ಮ ಕಸುಬಿನಲ್ಲಿ ಅದು ಬಹುಶಃ ಊಟಕ್ಕೆ ಕರೆಯುವುದರಿಂದ ಶುರುವಾಗುತ್ತದೆ. ಆದರೆ ಅಲ್ಲಿಗೇ ನಿಂತರೆ ಏಳು ಜನರ ಹೊಟ್ಟೆ ತುಂಬುತ್ತದೆ, ಅಷ್ಟೆ.

ನನ್ನ ತಂಗಿಯ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಇದೇ ಓದು ಓದಿದಳು. ಕ್ಲೈಂಟ್ ಪರವಾಗಿ ಮಾತಾಡುವುದು, ವೃತ್ತಿಯ ಪರವಾಗಿ ಮಾತಾಡುವುದು ಅವರಿಗೆ ಪರೀಕ್ಷೆಗೆ ಬರುವ ಪಾಠ. ಅವಳು ಒಂದು ಸಂಗತಿ ಹೇಳಿದಳು. ಅಲ್ಲಿಯೂ ಆಪ್ತಸಮಾಲೋಚಕರಿಗೆ ಪರವಾನಗಿ ಆಕಾಶದಿಂದ ಬೀಳಲಿಲ್ಲ. 1970ರ ದಶಕದಲ್ಲಿ ವರ್ಜೀನಿಯಾದಲ್ಲಿ ಜಾನ್ ವೆಲ್ಡನ್ ಎಂಬ ಸಮಾಲೋಚಕ, ಪರವಾನಗಿ ಇಲ್ಲದೆ ಮನಶ್ಶಾಸ್ತ್ರಜ್ಞರ ಕೆಲಸ ಮಾಡುತ್ತಿದ್ದಾನೆ ಎಂಬ ತಕರಾರು ಎದ್ದು ಕೋರ್ಟಿನವರೆಗೆ ಹೋಯಿತು. ಸಮಾಲೋಚನೆ ಬೇರೆಯದೇ ವೃತ್ತಿ ಎಂದು ಅಲ್ಲಿ ತೀರ್ಮಾನವಾಯಿತು. 1976ರಲ್ಲಿ ವರ್ಜೀನಿಯಾ ಮೊದಲ ಕಾನೂನು ಮಾಡಿತು. ಕೊನೆಯ ರಾಜ್ಯ ಕ್ಯಾಲಿಫೋರ್ನಿಯಾ, 2009ರಲ್ಲಿ. ಲೆಕ್ಕ ಹಾಕಿ, 33 ವರ್ಷ. ಒಂದೊಂದು ರಾಜ್ಯದಲ್ಲೂ ಯಾರೋ ಶಾಸಕರ ಬಾಗಿಲು ಕಾದಿರಲೇಬೇಕು.

ನಮ್ಮಲ್ಲಿ ಉಲ್ಟಾ ಆಗಿದೆ. ಕಾನೂನು ಬಂದು ಬಾಗಿಲಲ್ಲಿ ನಿಂತಿದೆ, ನಾವು ಒಳಗೆ ಕರೆದಿಲ್ಲ. 2021ರಲ್ಲಿ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಬಂತು, ಡಾಕ್ಟರು-ನರ್ಸ್‌ಗಳನ್ನು ಬಿಟ್ಟು ಉಳಿದ ಆರೋಗ್ಯ ವೃತ್ತಿಗಳಿಗಾಗಿ. ಫಿಸಿಯೋಥೆರಪಿಯವರು, ಲ್ಯಾಬಿನವರು ಇದರ ಬಗ್ಗೆ ಸಾಕಷ್ಟು ಮಾತಾಡುತ್ತಾರೆ. ಅದರ ಅನುಸೂಚಿಯನ್ನು ಬಿಡಿಸಿ ನೋಡಿ. ವರ್ತನೆ ಮತ್ತು ಮನಸ್ಸಿಗೆ ಸಂಬಂಧಿಸಿದ ವೃತ್ತಿಗಳ ಗುಂಪಿನಲ್ಲಿ ಎಚ್‌ಐವಿ ಆಪ್ತಸಮಾಲೋಚಕರು, ಕುಟುಂಬ ಯೋಜನೆಯ ಸಮಾಲೋಚಕರು, ವೈದ್ಯಕೀಯ ಸಮಾಜ ಕಾರ್ಯಕರ್ತರು ಎಲ್ಲರ ಹೆಸರೂ ಇದೆ. ನನ್ನ ಹುದ್ದೆಯ ಹೆಸರು ಸಂಸತ್ತಿನ ಕಾಯ್ದೆಯಲ್ಲಿ ಅಚ್ಚಾದದ್ದು ನೋಡಿ ಆ ಹಾಳೆಯ ಫೋಟೋ ತೆಗೆದು ಯಜಮಾನರಿಗೆ ವಾಟ್ಸ್ಆ್ಯಪ್ ಮಾಡಿದೆ. ನಗಬೇಡಿ. ಈ ಕಾಯ್ದೆಯಡಿ ರಾಜ್ಯ ಪರಿಷತ್ತುಗಳು ನೋಂದಣಿ ಮಾಡಬೇಕು, ಓದಿನ ಮಟ್ಟ ನೋಡಿಕೊಳ್ಳಬೇಕು, ತಪ್ಪು ಮಾಡಿದವರ ಹೆಸರು ತೆಗೆಯಬೇಕು. ‘ಹೆಲ್ತ್‌ಕೇರ್ ವೃತ್ತಿಪರ’ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಪದವಿ ಓದು ಇರಬೇಕು ಎನ್ನುತ್ತದೆ ಕಾಯ್ದೆ. ಹಿರಿಯ ಶಿಕ್ಷಕರಿಗೆ ಎರಡು ದಿನ ಸಾಕು ಎಂದ ಓದುಗರು ಈ ಅಂಕಿಯನ್ನು ಒಮ್ಮೆ ಗಮನಿಸಲಿ.

ನಮ್ಮ ಖಾನಾವಳಿ ಸಭೆಯಲ್ಲಿ ಕೇಳಿದೆ. ಏಳರಲ್ಲಿ ಒಬ್ಬರಿಗೂ ಈ ಕಾಯ್ದೆಯಲ್ಲಿ ತಮ್ಮ ಹೆಸರಿರುವುದು ಗೊತ್ತಿರಲಿಲ್ಲ. ನನಗೂ ಹೇಳಿದ್ದು ನ್ಯೂಜೆರ್ಸಿಯ ಹುಡುಗಿ!

ನೋಂದಣಿ ಬೇಕು ಎನ್ನುವುದು ನಮ್ಮ ಸಂಬಳಕ್ಕೆ ಮಾತ್ರ ಅಲ್ಲ. ನಮ್ಮವರಲ್ಲೂ ಹುಳುಕು ಇದೆ, ಅದನ್ನು ನಾವೇ ಹೇಳಬೇಕು. ಹೊಡೆತ ತಿಂದು ಬಂದವಳಿಗೆ ‘ಸ್ವಲ್ಪ ಹೊಂದಿಕೊಂಡು ಹೋಗವ್ವ’ ಎಂದು ವಾಪಸ್ ಕಳಿಸಿದ ಸಮಾಲೋಚಕರನ್ನು ನಾನು ಬಲ್ಲೆ. ಹುಡುಗರ ವಿಷಯ ಅಪ್ಪ-ಅಮ್ಮನ ಕಿವಿಗೆ ಹಾಕಿ ಶಭಾಷ್ ಅನ್ನಿಸಿಕೊಂಡವರನ್ನೂ ಬಲ್ಲೆ. ಈಗಂತೂ ಆನ್‌ಲೈನಿನಲ್ಲಿ ಹದಿನೈದು ದಿನದ ಸರ್ಟಿಫಿಕೇಟು ತೆಗೆದುಕೊಂಡು ‘ಮನೋತಜ್ಞರು’ ಎಂದು ಫ್ಲೆಕ್ಸ್ ಹಾಕಿಸಿದವರು ನಮ್ಮ ಊರಲ್ಲೇ ಇದ್ದಾರೆ. ಇವರಿಂದ ನೋವಾದವರು ಎಲ್ಲಿ ದೂರು ಕೊಡಬೇಕು? ಡಾಕ್ಟರ ಮೇಲಾದರೆ ವೈದ್ಯಕೀಯ ಪರಿಷತ್ತಿದೆ, ವಕೀಲರ ಮೇಲಾದರೆ ಬಾರ್ ಕೌನ್ಸಿಲ್ ಇದೆ. ನಮ್ಮ ಮೇಲೆ ದೂರು ಕೊಡಲು ಎಲ್ಲಿಗೆ ಹೋಗಬೇಕು ಎಂದು ನನ್ನ ಎದುರು ಕೂತವರಿಗೆ ನಾನೇ ಹೇಳಲಾರೆ. ಹೇಳುವಂತಾಗಬೇಕು.

ಮತ್ತೆ ಶಾಲೆಯ ವಿಷಯಕ್ಕೆ. ಆ ತೀರ್ಪು ಬಂದದ್ದು ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ. ಮಗಳನ್ನು ಕಳೆದುಕೊಂಡ ತಂದೆ ಕೋರ್ಟಿಗೆ ಹೋದದ್ದರಿಂದ ಈ ಮಾರ್ಗಸೂಚಿ ಹುಟ್ಟಿತು. ಸಮಾಲೋಚಕರ ಸಂಘವೊಂದು ಮೊದಲೇ ಇದನ್ನು ಕೇಳಬಹುದಿತ್ತು, ಅಲ್ವಾ? ನಾವು ಕೇಳಬೇಕಾದದ್ದನ್ನು ಅಪ್ಪನೊಬ್ಬ ಕೇಳಿದ.

ಈಗ ಅದರ ಜಾರಿಯಲ್ಲಾದರೂ ನಾವು ಮಾತಾಡಬೇಕು. ಗಣಿತ ಕಲಿಸುವ, ಅಂಕ ಹಾಕುವ, ಹಾಜರಿ ಕರೆಯುವ ಶಿಕ್ಷಕರ ಮುಂದೆ ಮಕ್ಕಳು ಬಾಯಿ ಬಿಡುವುದಿಲ್ಲ. ಶಿಕ್ಷಕರು ಒಳ್ಳೆಯವರಲ್ಲ ಎಂದಲ್ಲ. ನಮ್ಮಪ್ಪನೂ ಮಾಸ್ತರರೇ, ತುಂಬ ಪ್ರೀತಿಯವರು. ಅವರ ಮುಂದೆ ನಾನೇ ಬಾಯಿ ಬಿಡುತ್ತಿರಲಿಲ್ಲ. ಅಂಕ ಕೊಡುವ ಕೈ, ಕಣ್ಣೀರು ಒರೆಸುವ ಕೈ ಬೇರೆ ಬೇರೆ ಇರಬೇಕು. ಒಂದೊಂದು ಶಾಲೆಗೆ ಒಬ್ಬರನ್ನು ಕೊಡಲು ನಾಳೆಯೇ ಆಗದಿದ್ದರೆ ನಾಲ್ಕಾರು ಶಾಲೆಗೆ ಸೇರಿ ಒಬ್ಬರನ್ನು ಕೊಡಲಿ, ವಾರದಲ್ಲಿ ಇಂಥ ದಿನ ಇಂಥ ಶಾಲೆ ಎಂದಾಗಲಿ. ಆದರೆ ದೈಹಿಕ ಶಿಕ್ಷಣದ ಮಾಸ್ತರರ ಹೆಸರನ್ನು ರಜಿಸ್ಟರಿನಲ್ಲಿ ‘ಕೌನ್ಸೆಲರ್’ ಎಂದು ಬರೆದು ಮುಗಿಸಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನಾದರೂ ಹಾಸ್ಟೆಲ್‌ಗಳಲ್ಲಿ, ತರಗತಿಗಳಲ್ಲಿ ಕಾಣುವಂತೆ ಹಾಕಬೇಕೆಂದು ಅದೇ ತೀರ್ಪಿನಲ್ಲಿದೆ. ಅದಕ್ಕೆ ಬೇಕಾದದ್ದು ಒಂದು ಸ್ಕೆಚ್ ಪೆನ್ನು. ಕಳೆದ ತಿಂಗಳು ನಮ್ಮ ಊರಿನ ಮೂರು ಹಾಸ್ಟೆಲ್‌ಗೆ ಹೋಗಿ ನೋಡಿದೆ. ಒಂದರಲ್ಲಿ ಇತ್ತು, ವಾರ್ಡನ್ ಕೋಣೆಯ ಒಳಗೆ.

ಟೆಲಿ ಮಾನಸ್‌ಗೆ 2022ರಿಂದ ದಾರಿ ತೋರುತ್ತಿರುವುದು ನಮ್ಮ ನಿಮ್ಹಾನ್ಸ್. ಹಳ್ಳಿಯ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಅಂಥ ರಾಜ್ಯದಲ್ಲಿ ಅಲೈಡ್ ಪರಿಷತ್ತಿನ ಕೆಲಸದಲ್ಲಿ ಆಪ್ತಸಮಾಲೋಚಕರ ಪರವಾಗಿ ಮಾತಾಡಲು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡಿ ಗೊತ್ತಿರುವ ಒಬ್ಬರಾದರೂ ಇರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಸರ್ಕಾರ ಕರೆಯುವ ತನಕ ಕಾಯುವುದೂ ಬೇಡ. ಸಾಂತ್ವನದಲ್ಲಿ, ನೊಂದ ಹೆಣ್ಣುಮಕ್ಕಳ ಸಖಿ ಕೇಂದ್ರದಲ್ಲಿ, ಎಆರ್‌ಟಿ ಸೆಂಟರಿನಲ್ಲಿ, ಕೌಟುಂಬಿಕ ನ್ಯಾಯಾಲಯದಲ್ಲಿ, ಮಕ್ಕಳ ರಕ್ಷಣಾ ಘಟಕದಲ್ಲಿ ಕೂತಿರುವ ನನ್ನಂಥವರು ಈ ಪತ್ರ ಓದುತ್ತಿದ್ದರೆ ನಿಮ್ಮ ಊರಿನ ಉಳಿದವರು ಯಾರು ಎಂದು ಹುಡುಕಿ. ಎರಡನೇ ಶನಿವಾರ ರಜೆ ಇರುತ್ತದೆ.

ಕೊನೆಯದಾಗಿ ಒಂದು ವಿನಂತಿ. ನನ್ನ ಹೆಸರು, ವಿಳಾಸ, ಫೋನ್ ನಂಬರನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಇಷ್ಟೆಲ್ಲ ಬಾಯಿ ಬಿಡಿ ಎಂದು ಹೇಳಿ ಈಕೆಯೇ ಹೆಸರು ಮುಚ್ಚಿಡುತ್ತಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಎರಡು ದಿನ ಅದನ್ನೇ ಯೋಚಿಸಿದೆ. ಮಾರ್ಚ್ ಕೊನೆಯ ಭಯ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಾರಣ ಅದಲ್ಲ. ನನ್ನ ಹೆಸರು ಬಂದರೆ ಊರು ಗೊತ್ತಾಗುತ್ತದೆ. ಊರು ಗೊತ್ತಾದರೆ, ಒಂಬತ್ತರ ಧಾರಾವಾಹಿಯ ಹೊತ್ತಿಗೆ ಮಾತ್ರೆ ನುಂಗುವವಳು ಯಾರು ಎಂದು ಅವಳ ಓಣಿಯವರು ಲೆಕ್ಕ ಹಾಕಲು ಶುರು ಮಾಡುತ್ತಾರೆ. ಪರಿಷತ್ತಿನವರೋ ಇಲಾಖೆಯವರೋ ಕೇಳಿದರೆ ಮಾತ್ರ ಆ ಹಾಳೆಯನ್ನು ಧಾರಾಳವಾಗಿ ಕೊಡಿ. ಅವರ ಮುಂದೆ ನಾನೇ ಬಂದು ಕೂರುತ್ತೇನೆ.

ಇಂತಿ ನಿಮ್ಮ ಓದುಗಾರ್ತಿ,
ಏಳನೇ ಕೋಣೆಯ ಆಪ್ತಸಮಾಲೋಚಕಿ
(ಹೆಸರು, ಊರು ಬೇಡ)